ರಿಜಿಸ್ಟ್ರೇಷನ್ ಯಾಕೆ ತಡ ಆಗ್ತಿದೆ? – ಯೆರೆಮೀಯ 32ರಿಂದ ಒಂದು ಅಧ್ಯಯನ

ಓದಬೇಕಾದ ವಾಕ್ಯಭಾಗಗಳು: ಯೆರೆಮೀಯ 32:1–15, 42–44, ರೂತಳು 4:1–10, ಅರಣ್ಯಕಾಂಡ 27:1–7

ಬೈಬಲ್ ತಂದಿರೋರು ತೆಗೆಯಿರಿ, ಫೋನಲ್ಲಿ ಇರೋರು ಫೋನಲ್ಲೇ ತೆಗೆಯಿರಿ. ಆದ್ರೆ ವಾಟ್ಸಾಪ್ ಮುಚ್ಚಿಡಿ.

ನಮ್ಮ ಪ್ರಾರ್ಥನೆ ಚೀಟಿಗಳಲ್ಲಿ ಮೊದಲೆಲ್ಲ ಎರಡು ವಿಷಯ ಹೆಚ್ಚು ಇರ್ತಿತ್ತು, ಕೆಲಸ ಮತ್ತು ಮದುವೆ. ಈಗ ಮೂರನೆಯದು ಸೇರಿದೆ, ಮನೆ. "ಅಪ್ಪನ ಮನೆ ಮಾರಾಟ ಆಗ್ತಿಲ್ಲ." "ಅಡ್ವಾನ್ಸ್ ಕೊಟ್ಟು ಎಂಟು ತಿಂಗಳಾಯ್ತು, ಇ-ಖಾತಾ ಬಂದಿಲ್ಲ." "ಬ್ಯಾಂಕ್ ಲೋನ್ ಸ್ಯಾಂಕ್ಷನ್ ಆಗಿದೆ, ಕಾಗದ ಸರಿ ಇಲ್ಲ ಅಂತಾರೆ." ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಿಗೋ ಮೈಸೂರಿಗೋ ಕೆಲಸಕ್ಕೆ ಹೋಗಿ ಬರೋರು. 2023ರ ಮಾರ್ಚ್ 12ಕ್ಕೆ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆದಮೇಲೆ ಮಂಡ್ಯದಲ್ಲೋ ಮದ್ದೂರಲ್ಲೋ ಒಂದು ಮನೆ ಮಾಡ್ಕೊಂಡು ಇಲ್ಲಿಂದಲೇ ಓಡಾಡೋಣ ಅಂತ ಯೋಚನೆ ಮಾಡಿದೋರೂ ಇದ್ದೀರಿ. ಯೋಚನೆ ಒಳ್ಳೇದೇ. ಆದ್ರೆ ಆ ಕನಸು ಕಚೇರಿ ಮೆಟ್ಟಿಲ ಮೇಲೆ ಕೂತುಬಿಟ್ಟಿದೆ.

ಚೀಟಿಗಳಲ್ಲಿ ಇನ್ನೊಂದು ಮಾತು ಕೂಡ ಬರುತ್ತೆ: "ಸೈತಾನನು ಅಡ್ಡಿ ಮಾಡ್ತಿದ್ದಾನೆ ಬ್ರದರ್, ಕಟ್ಟುಗಳನ್ನು ಮುರಿಯೋ ಹಾಗೆ ಪ್ರಾರ್ಥನೆ ಮಾಡಿ." ಮಾಡೋಣ, ಖಂಡಿತ ಪ್ರಾರ್ಥನೆ ಮಾಡೋಣ. ಆದ್ರೆ ಅದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಬೇಕು. ಈ ತಡ ಎಂಥ ತಡ? ಎಲ್ಲಾ ತಡಕ್ಕೂ ಒಂದೇ ಕಾರಣ ಇರೋದಿಲ್ಲ, ಒಂದೇ ಔಷಧಿಯೂ ಇಲ್ಲ. ಇವತ್ತಿನ ಪಾಠ ಅಷ್ಟೇ: ತಡವನ್ನು ಗುರುತಿಸಿ, ಆಮೇಲೆ ಹೆಜ್ಜೆ ಇಡಿ.

ಪ್ರವಾದಿಯ ರಿಜಿಸ್ಟ್ರೇಷನ್

ಯೆರೆಮೀಯ 32ನೇ ಅಧ್ಯಾಯ. ಚಿದ್ಕೀಯ ಅರಸನ ಹತ್ತನೇ ವರ್ಷ, ಅಂದ್ರೆ ಸುಮಾರು ಕ್ರಿ.ಪೂ. 587. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿಗೆ ಹಾಕಿದೆ. ಪ್ರವಾದಿ ಕಾವಲುಗಾರರ ಅಂಗಳದಲ್ಲಿ ಸೆರೆ. ಇಂಥ ಹೊತ್ತಲ್ಲಿ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರೋ ನನ್ನ ಹೊಲ ಕೊಂಡ್ಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಅಂತಾನೆ. ಶತ್ರು ಸೈನ್ಯದ ಕೈಗೆ ಬಿದ್ದಿರೋ ನಾಡಿನ ಜಮೀನು ಅದು. ಯಾವ ಬ್ಯಾಂಕೂ ಲೋನ್ ಕೊಡಲ್ಲ!

ಯೆರೆಮೀಯ ಕೊಂಡ್ಕೊಂಡ. ಹೇಗೆ ಕೊಂಡ ಅನ್ನೋದನ್ನ ವಾಕ್ಯ ಒಂದೊಂದಾಗಿ ಹೇಳುತ್ತೆ, ಗಮನಿಸಿ. ಹದಿನೇಳು ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿದ. ಪತ್ರ ಬರೆದು ಸಹಿ ಹಾಕಿ ಮುದ್ರೆ ಒತ್ತಿದ. ಸಾಕ್ಷಿಗಳನ್ನು ಕರೆದು ಅವರಿಂದಲೂ ಸಹಿ ಮಾಡಿಸಿದ. ಪತ್ರ ಎರಡು: ಮುದ್ರೆ ಹಾಕಿ ಮುಚ್ಚಿದ್ದು ಒಂದು, ತೆರೆದಿಟ್ಟದ್ದು ಒಂದು. ಅಂಗಳದಲ್ಲಿ ಕೂತಿದ್ದವರೆಲ್ಲ ನೋಡ್ತಾ ಇರುವಾಗ ಅವನ್ನು ಬಾರೂಕನ ಕೈಗೆ ಕೊಟ್ಟ. ಬಹಳ ಕಾಲ ಕೆಡದೆ ಉಳಿಯಲಿ ಅಂತ ಮಣ್ಣಿನ ಗಡಿಗೆಯಲ್ಲಿ ಇಡಿಸಿದ.

ದೇವರೇ ಹೇಳಿದ ಖರೀದಿ ಅಲ್ವಾ ಇದು? "ದೇವರ ಚಿತ್ತ, ಬಾಯಿ ಮಾತಲ್ಲಿ ಮುಗಿಸೋಣ" ಅಂತ ಅವನು ಹೇಳಬಹುದಿತ್ತು. ಹೇಳಲಿಲ್ಲ. ಬೆಲೆ, ಬರಹ, ಮುದ್ರೆ, ಸಾಕ್ಷಿ, ನಕಲು, ಗಡಿಗೆ, ಒಂದನ್ನೂ ಬಿಡಲಿಲ್ಲ. ಆಮೇಲೆ 16ನೇ ವಚನದಿಂದ ಪ್ರಾರ್ಥನೆ ಮಾಡ್ತಾನೆ. ಕರ್ತನೇ, ಪಟ್ಟಣ ಶತ್ರುವಿನ ಕೈಗೆ ಹೋಗ್ತಿದೆ, ನೀನು ನನಗೆ ಹೊಲ ಕೊಂಡ್ಕೋ ಅಂದೆಯಲ್ಲ ಅಂತ ಗಲಿಬಿಲಿಯಾಗಿಯೇ ಕೇಳ್ತಾನೆ. ಅವನಿಗೂ ಅರ್ಥ ಆಗಿರಲಿಲ್ಲ. ಆದ್ರೂ ಕಾಗದ ಸರಿಯಾಗಿತ್ತು. ನಂಬಿಕೆ ಇರೋನು ಕಾಗದದಲ್ಲಿ ಸೋಮಾರಿ ಆಗಬೇಕಿಲ್ಲ, ಆಮೆನ್?

ಇನ್ನು 44ನೇ ವಚನ ನೋಡಿ. ದೇವರು ತನ್ನ ಜನರಿಗೆ ಬಿಡುಗಡೆಯ ಚಿತ್ರ ಬರೆದು ತೋರಿಸುವಾಗ ಏನು ತೋರಿಸಿದನು? ಜನ ಮತ್ತೆ ಹಣ ಕೊಟ್ಟು ಹೊಲ ಕೊಳ್ತಾರೆ, ಪತ್ರ ಬರೆದು ಮುದ್ರೆ ಹಾಕ್ತಾರೆ, ಸಾಕ್ಷಿ ಕರೀತಾರೆ ಅಂತ ಹೇಳಿದನು. ನಾವು ಶಾಪ ಹಾಕೋ ಅದೇ ಕಚೇರಿ ಕೆಲಸವನ್ನೇ ದೇವರು ತನ್ನ ವಾಗ್ದಾನದ ಒಳಗೆ ಸೇರಿಸಿದ್ದಾನೆ. ಯಾರ ಹೊಲ ಯಾರದು ಅನ್ನೋದು ಬರಹದಲ್ಲಿ ನಿಲ್ಲೋ ನಾಡು ಶಾಂತಿಯ ನಾಡು.

ಈಗ ತಡಗಳ ಕಡೆ ಬರೋಣ. ನಾನು ಮೂರು ಬಗೆ ನೋಡಿದ್ದೀನಿ.

1. ಇನ್ನೊಬ್ಬರ ಹಕ್ಕಿನಿಂದ ಬರುವ ತಡ

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಮನೆ ಮಾರಾಟಗಳು ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ತಾತ ತೀರಿಕೊಂಡು ಇಪ್ಪತ್ತು ವರ್ಷ ಆಗಿರುತ್ತೆ, ಖಾತೆ ಇನ್ನೂ ತಾತನ ಹೆಸರಲ್ಲೇ. ಪೌತಿ ಖಾತೆ ಮಾಡಿಸಿಲ್ಲ. ಅಣ್ಣತಮ್ಮಂದಿರ ಪಾರಿಖತ್ತು ಬಾಯಿ ಮಾತಲ್ಲೇ ಆಗಿದೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಅಂತಿದೆ, ಹೋಗಿ ನೋಡಿದ್ರೆ ಪೂರ್ವಕ್ಕೆ ಪಕ್ಕದವರ ಕೊಟ್ಟಿಗೆ. ವಂಶವೃಕ್ಷ ತೆಗೆಸಿದಾಗ ಮದುವೆಯಾಗಿ ಹೋದ ಅತ್ತೆ, ಅಕ್ಕ, ತಂಗಿ ಎಲ್ಲರ ಹೆಸರೂ ಬರುತ್ತೆ. ಆಗ ನಮಗೆ ಸಿಟ್ಟು ಬರುತ್ತೆ: "ಅಯ್ಯೋ, ಇವರೆಲ್ಲರ ಸಹಿ ಬೇಕಾ?"

ಬೇಕು. ಯಾಕಂದ್ರೆ ಅವರಿಗೆ ಪಾಲಿದೆ. ತಂದೆ ಸ್ವಂತ ದುಡಿಮೆಯಿಂದ ಮಾಡಿದ ಆಸ್ತಿಗೆ ವಿಲ್ ಬರೆಯದೆ ತೀರಿಕೊಂಡರೆ ಮಗಳಿಗೂ ಮಗನಷ್ಟೇ ಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ, ಆಗಿನ್ನೂ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿ ಹಕ್ಕು ಕೊಟ್ಟಿತು. 2005ರ ತಿದ್ದುಪಡಿ ದೇಶದ ಎಲ್ಲಾ ಹೆಣ್ಣುಮಕ್ಕಳಿಗೂ ಕೊಟ್ಟಿತು. 2005ಕ್ಕೆ ಮುಂಚೆಯೇ ತಂದೆ ತೀರಿಕೊಂಡಿದ್ದರೂ ಆ ಹಕ್ಕು ಹೋಗಲ್ಲ, ಅದು ಹುಟ್ಟಿನಿಂದ ಬಂದದ್ದು ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸೋ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲೂ ಮಗ ಮಗಳು ಸಮಾನ. ನಾನು ವಕೀಲನಲ್ಲ, ನಿಮ್ಮ ಕಾಗದ ವಕೀಲರ ಹತ್ರ ತೋರಿಸಿ. ಆದ್ರೆ ಇಷ್ಟು ಗೊತ್ತಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ವಾಕ್ಯದಲ್ಲಿ ಇದು ಇನ್ನೂ ಹಳೇದು. ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಭೆಯ ಮುಂದೆ ನಿಂತು ತಂದೆಯ ಭಾಗ ಕೇಳಿದರು. ಗಂಡುಮಕ್ಕಳಿಲ್ಲದ ಮನೆ ಅದು. ಮೋಶೆ ತಾನೇ ತೀರ್ಪು ಕೊಡಲಿಲ್ಲ, ದೇವರ ಹತ್ರ ತಗೊಂಡು ಹೋದ. ಆ ಹೆಣ್ಣುಮಕ್ಕಳು ಕೇಳಿದ್ದು ನ್ಯಾಯವೇ ಅಂದನು ದೇವರು. ಐದು ಜನರ ಅರ್ಜಿಗೋಸ್ಕರ ಹಂಚಿಕೆಯ ಕೆಲಸ ಒಂದು ಕ್ಷಣ ನಿಂತಿತು. ಆ ತಡ ದೇವರಿಗೆ ಭಾರ ಅನ್ನಿಸಲಿಲ್ಲ.

ನಮ್ಮ ಮನೆ ವಿಷಯ ಹೇಳ್ತೀನಿ. ಮಳವಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ತಾತ ಕಟ್ಟಿದ ಹೆಂಚಿನ ಮನೆ ಇತ್ತು. ಅಪ್ಪ ತೀರಿಕೊಂಡಮೇಲೆ ಅದನ್ನು ಮಾರಿ ಅಮ್ಮನಿಗೆ ಮಂಡ್ಯದಲ್ಲಿ ಒಂದು ಚಿಕ್ಕ ಮನೆ ಮಾಡೋಣ ಅಂತ ನಿಶ್ಚಯ ಮಾಡಿದ್ವಿ. ಗಿರಾಕಿ ಬಂದ್ರು, ಅಡ್ವಾನ್ಸ್ ಆಯ್ತು. ನನ್ನ ಸೋದರತ್ತೆಯನ್ನು ಮದ್ದೂರು ಕಡೆ ಕೊಟ್ಟಿದ್ದಾರೆ, ನಮ್ಮೆರಡು ಮನೆಗೂ ಬಹಳ ವರ್ಷದಿಂದ ಹೋಗಿಬರೋದು ಅಷ್ಟಕ್ಕಷ್ಟೇ. ಬ್ರೋಕರ್ ಹೇಳಿದ್ರು: "ವಂಶವೃಕ್ಷದಲ್ಲಿ ಅವರ ಹೆಸರು ಬಿಟ್ಟುಬಿಡೋಣ ಸಾರ್. ಯಾರು ಕೇಳ್ತಾರೆ? ಹದಿನೈದು ದಿನದಲ್ಲಿ ಮುಗಿಸ್ತೀನಿ." ಅಮ್ಮ ಒಳಗಿಂದ ಬಂದು ಒಂದೇ ಮಾತು ಅಂದ್ರು: "ಅವ್ಳೂ ಆ ಮನೇಲೇ ಹುಟ್ಟಿದ್ದು ಕಣ್ ಮಗ."

ಅತ್ತೆ ಮನೆಗೆ ಹೋದ್ವಿ. ಮೊದಲ ಸಲ ಕಾಫಿ ಕೊಟ್ಟು ಕಳಿಸಿದ್ರು, ವಿಷಯ ಮಾತಾಡಲಿಲ್ಲ. ಎರಡನೇ ಸಲ ಅವರ ಮಗ ಜೋರು ಮಾಡಿದ. ಐದಾರು ತಿಂಗಳು ಹೀಗೇ ನಡೀತು. ಆ ಗಿರಾಕಿ ಕಾದು ಕಾದು ಬೇಡ ಅಂದ್ರು. ತಡ ಆದದ್ದು ನಮ್ಮ ಕಡೆಯಿಂದ, ಹಾಗಾಗಿ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ವಿ. ಕೊನೆಗೆ ಅತ್ತೆ ಹೇಳಿದ್ದು ಇಷ್ಟು: "ಹಕ್ಕು ಬಿಡುಗಡೆ ಪತ್ರಕ್ಕೆ ನಾನು ಸಹಿ ಹಾಕಲ್ಲ. ಕ್ರಯಪತ್ರದಲ್ಲಿ ನನ್ನ ಹೆಸರೂ ಬರ್ಲಿ. ಅಪ್ಪನ ಮನೆ ಮಾರಿದ್ದು ನಾನೂ ಅಂತ ಇರ್ಲಿ. ಬರೋದು ಎಷ್ಟೋ ಅಷ್ಟು ಚೆಕ್ಕಲ್ಲೇ ಕೊಡಿ."

ಹಾಗೇ ಮಾಡಿದ್ವಿ. ಎರಡನೇ ಗಿರಾಕಿ ಮೊದಲಿನವರಿಗಿಂತ ಒಂದೂವರೆ ಲಕ್ಷ ಕಡಿಮೆ ಕೊಟ್ರು. ಇದನ್ನ ಅದ್ಭುತ ಸಾಕ್ಷಿ ಅಂತ ನಾನು ಹೇಳ್ತಿಲ್ಲ, ದುಡ್ಡು ಕಡಿಮೆಯೇ ಬಂತು. ಆದ್ರೆ ಅತ್ತೆ ಈಗ ಮಂಡ್ಯದ ಮನೆಗೆ ಬಂದು ಎರಡು ದಿನ ಇದ್ದು ಹೋಗ್ತಾರೆ. ಮುಂದೆ ಯಾವತ್ತೋ ಒಂದು ದಿನ ಕೋರ್ಟ್ ನೋಟಿಸ್ ಬರುತ್ತೆ ಅನ್ನೋ ಭಯ ಆ ಗಿರಾಕಿಗೂ ಇಲ್ಲ, ನಮಗೂ ಇಲ್ಲ.

ಇಲ್ಲಿ ಬೋವಜನನ್ನು ನೋಡಿ. ರೂತಳು 4ನೇ ಅಧ್ಯಾಯ. ಅವನಿಗಿಂತ ಹತ್ತಿರದ ಬಂಧು ಒಬ್ಬನಿದ್ದ. ಬೋವಜ ಊರಬಾಗಿಲಲ್ಲಿ ಕೂತು, ಅವನನ್ನು ಕರೆದು, ಹಿರಿಯರು ಹತ್ತು ಜನರ ಮುಂದೆ ಮೊದಲು ಅವನಿಗೇ ಕೇಳಿದ. ಅವನು ಬೇಡ ಅಂದು ಕೆರ ತೆಗೆದುಕೊಟ್ಟ ಮೇಲೆಯೇ ತಾನು ಬಿಡಿಸಿಕೊಂಡ. ಇಷ್ಟೆಲ್ಲಾ ಆದದ್ದು ಒಂದೇ ದಿನದಲ್ಲಿ! ಅಂದ್ರೆ ತಡ ಮಾಡೋದೇ ಭಕ್ತಿ ಅಂತಲ್ಲ. ಬೇಗ ಮಾಡಿ, ಆದ್ರೆ ಯಾರನ್ನೂ ಬಿಟ್ಟು ಮಾಡಬೇಡಿ. ಈ ಬಗೆಯ ತಡಕ್ಕೆ ಉಪವಾಸಕ್ಕಿಂತ ಮುಂಚೆ ಬೇಕಾಗಿರೋದು ಬಸ್ ಹತ್ತಿ ಅತ್ತೆ ಮನೆಗೆ ಹೋಗೋದು.

2. ವ್ಯವಸ್ಥೆಯಿಂದ ಬರುವ ತಡ

ಎರಡನೆಯದು ನಿಯಮ, ದಾಖಲೆ, ಸರ್ವರ್. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ-ಖಾತಾ ಇಲ್ಲದೆ ಆಸ್ತಿ ನೋಂದಣಿ ಆಗಲ್ಲ. ಹಳ್ಳಿ ಮನೆಗೆ ಪಂಚಾಯ್ತಿಯ ಇ-ಸ್ವತ್ತು, ಅಂದ್ರೆ ನಮೂನೆ 9 ಮತ್ತು 11. ಪಟ್ಟಣದ ಮನೆಗೆ ಪುರಸಭೆ ಅಥವಾ ನಗರಸಭೆಯ ಇ-ಖಾತಾ. ಆಧಾರ್‌ನಲ್ಲಿ ಒಂದು ಹೆಸರು, ಖಾತೆಯಲ್ಲಿ ಇನ್ನೊಂದು ಹೆಸರು ಇದ್ರೆ ಅಲ್ಲೇ ನಿಲ್ತು. ಯಾಕೆ ತಂದ್ರು ಇದನ್ನ? ಒಂದೇ ಸೈಟನ್ನು ಇಬ್ಬರಿಗೆ ಮಾರೋದು, ಸತ್ತವರ ಹೆಸರಲ್ಲಿ ಸಹಿ ಮಾಡೋದು ನಡೀತಿತ್ತು, ಅದಕ್ಕೆ. ಮೋಸ ಹೋದವನಿಗೆ ಕೇಳಿ, ಈ ನಿಯಮ ಮುಂಚೆಯೇ ಇದ್ದಿದ್ರೆ ಅಂತಾನೆ.

2025ರ ಫೆಬ್ರವರಿ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶ ಕೈಕೊಟ್ಟು ರಾಜ್ಯದ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ನೋಂದಣಿ ಬಹುತೇಕ ನಿಂತೇಹೋಗಿತ್ತು. ಅದು ಸೈಬರ್ ದಾಳಿ ಅಂತ ಸರ್ಕಾರವೇ ಹೇಳಿತು. ಒಳ್ಳೆಯವರು ಕೆಟ್ಟವರು ಅಂತ ನೋಡದೆ ಎಲ್ಲರಿಗೂ ತಡ ಆಯ್ತು. ಅದನ್ನ ನಿಮ್ಮ ಒಬ್ಬರ ಮೇಲಿನ ಶಾಪ ಅಂತ ತಿಳ್ಕೋಬೇಡಿ.

ಹಾಗಂತ ಈ ತಡಕ್ಕೆ ಬೆಲೆ ಇಲ್ಲ ಅಂತಲ್ಲ, ಲೆಕ್ಕ ಹಾಕಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2 ಆಯ್ತು. ಪಟ್ಟಣದಲ್ಲಿ 30 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6, ಅಂದ್ರೆ 1,68,000 ರೂಪಾಯಿ. ನೋಂದಣಿ ಶುಲ್ಕ 30,000 ಇದ್ದದ್ದು 60,000. ಒಂದು ದಿನ ಹಿಂದೆ ಮುಂದೆ ಆಗಿದ್ದಕ್ಕೆ 30,000 ವ್ಯತ್ಯಾಸ. ಸಂಬಳ ತಗೊಳ್ಳೋರಿಗೆ ಇದು ನೋವೇ. ನೋವಾಗಿದೆ ಅಂತ ದೇವರ ಮುಂದೆ ಹೇಳಿ, ಯೆರೆಮೀಯ ಹೇಳಲಿಲ್ವಾ?

ಈ ಬಗೆಯ ತಡಕ್ಕೆ ಬೇಕಾದದ್ದು ತಾಳ್ಮೆ ಮತ್ತು ತಯಾರಿ. ನಾಲ್ಕು ವಿಷಯ ಬರ್ಕೊಳ್ಳಿ.

ಅಡ್ವಾನ್ಸ್ ಕೊಡೋಕೆ ಮುಂಚೆ ಇಸಿ ತೆಗೆಸಿ. ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಬರುತ್ತೆ. ಮೂಲ ಪತ್ರದಿಂದ ಇವತ್ತಿನವರೆಗೆ ಕೊಂಡಿ ಕಳಚಿಲ್ಲ ಅಂತ ವಕೀಲರಿಂದ ನೋಡಿಸಿ.

ಕ್ರಯದ ಕರಾರಿನಲ್ಲಿ ಇ-ಖಾತಾ ಯಾರು ಮಾಡಿಸಬೇಕು, ಎಷ್ಟು ದಿನದಲ್ಲಿ, ಆಗದಿದ್ದರೆ ಅಡ್ವಾನ್ಸ್ ಏನಾಗುತ್ತೆ ಅಂತ ಬರೆಸಿ. "ನಮ್ಮವರೇ ಬ್ರದರ್, ಒಂದೇ ಸಭೆ" ಅಂತ ಬರೆಯದೇ ಇರಬೇಡಿ. ಯೆರೆಮೀಯ ತನ್ನ ಚಿಕ್ಕಪ್ಪನ ಮಗನ ಹತ್ರವೇ ಬರೆಸಿಕೊಂಡ.

ಕರಾರಾಗಿದೆ ಅಂತ ವರ್ಷಗಟ್ಟಲೆ ಸುಮ್ಮನೆ ಕೂರಬೇಡಿ. ಕರಾರು ಜಾರಿ ಮಾಡಿಸಿ ಅಂತ ಕೋರ್ಟಿಗೆ ಹೋಗೋಕೆ ಕಾಲಮಿತಿ 3 ವರ್ಷ. ಕ್ರಯಪತ್ರಕ್ಕೆ ಸಹಿ ಹಾಕಿದಮೇಲೆ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು.

ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಕೇಳಿ ತಗೊಳ್ಳಿ, 15 ಅಂಕಿ ಇರುತ್ತೆ. 2011ರ ಸಕಾಲ ಕಾಯಿದೆಯಡಿ ಬರೋ ಸೇವೆಗೆ ಇಷ್ಟೇ ದಿನ ಅಂತ ಗಡುವಿದೆ. ಗಡುವು ಮೀರಿದ್ರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಮೊತ್ತ ಚಿಕ್ಕದು, ಆದ್ರೆ ನಿಮ್ಮ ಫೈಲಿಗೆ ಒಂದು ಲೆಕ್ಕ ಇದೆ ಅಂತ ಆಗುತ್ತೆ.

ನಮ್ಮದು ಕಬ್ಬಿನ ಜಿಲ್ಲೆ. ನೆಟ್ಟು ಹನ್ನೆರಡು ತಿಂಗಳು ನೀರು ಕಟ್ಟಿ, ಆಮೇಲೆ ಕಟಾವಿನ ಸರದಿಗೆ ಕಾಯೋ ಅಪ್ಪಂದಿರ ಮಕ್ಕಳು ನಾವು. ಅವರು ಕಾಯುವಾಗ ಸುಮ್ಮನೆ ಕೂತಿರಲಿಲ್ಲ, ಬದು ನೋಡ್ಕೊಂಡ್ರು, ಕಳೆ ತೆಗೆದ್ರು. ಕಾಯೋದು ಅಂದ್ರೆ ಅದು.

3. ಅನ್ಯಾಯದಿಂದ ಬರುವ ತಡ

ಮೂರನೆಯದು ಬೇರೆ. ಕಾಗದ ಎಲ್ಲಾ ಸರಿಯಿದೆ, ಗಡುವು ಮುಗಿದಿದೆ, ಆದ್ರೂ ಫೈಲ್ ಕದಲಲ್ಲ. ಯಾರೋ ಪಕ್ಕಕ್ಕೆ ಕರೆದು "ಸ್ವಲ್ಪ ನೋಡ್ಕೊಳ್ಳಿ" ಅಂತಾರೆ. ಇದು ಪಾಪ, ಇದನ್ನ ದೇವರ ಸಮಯ ಅಂತ ಕರೀಬೇಡಿ. ಪ್ರವಾದಿಗಳು ಇದರ ವಿರುದ್ಧ ಕೂಗಿದ್ದಾರೆ.

"ಎಲ್ಲರೂ ಕೊಡ್ತಾರೆ ಬ್ರದರ್, ಕೊಟ್ಟು ಆಮೇಲೆ ಕ್ಷಮೆ ಕೇಳ್ಕೊಳ್ತೀನಿ" ಅಂತ ಒಬ್ಬರು ನನಗೆ ಹೇಳಿದ್ರು. ಮೊದಲೇ ಲೆಕ್ಕ ಹಾಕಿಟ್ಟ ಕ್ಷಮೆ ಅದು. 2018ರ ತಿದ್ದುಪಡಿಯಾದ ಮೇಲೆ ಲಂಚ ಕೊಡೋದೂ ಅಪರಾಧವೇ. ಬಲವಂತಕ್ಕೆ ಕೊಡಬೇಕಾಗಿ ಬಂದರೆ 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಬೇಕು, ಆಗ ಮಾತ್ರ ರಕ್ಷಣೆ. ಜಿಲ್ಲೆಯಲ್ಲಿ ಲೋಕಾಯುಕ್ತ ಪೊಲೀಸರಿದ್ದಾರೆ. ಒಬ್ಬರೇ ಹೋಗೋಕೆ ಭಯ ಆದ್ರೆ ಸಭೆಯ ಹಿರಿಯರನ್ನು ಕರ್ಕೊಂಡು ಹೋಗಿ. ನಾವು ಬರ್ತೀವಿ. ಸಭೆ ಇರೋದು ಯಾಕೆ?

ಇದರ ಜೊತೆಗೆ ನಮ್ಮೊಳಗಿನ ಅನ್ಯಾಯವನ್ನೂ ನೋಡೋಣ. ಪತ್ರದಲ್ಲಿ 18 ಲಕ್ಷ ತೋರಿಸಿ, 12 ಲಕ್ಷ ಕೈಯಲ್ಲಿ ಕೊಡೋ ಒಪ್ಪಂದ. ಮಾರೋರು ಒಪ್ತಾರೆ, ಕೊಳ್ಳೋರು ಒಪ್ತಾರೆ, ಬ್ರೋಕರ್ ಸಂತೋಷ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ಮುಂಗಡವನ್ನು ನಗದಾಗಿ ತಗೊಂಡ್ರೆ ಅಷ್ಟೇ ಮೊತ್ತದ ದಂಡ ಬೀಳಬಹುದು ಅಂತ 2015ರಿಂದ ಆದಾಯ ತೆರಿಗೆ ಕಾನೂನು ಇದೆ. ಕಾನೂನು ಒತ್ತಟ್ಟಿಗಿರಲಿ. ಯೆರೆಮೀಯ ಬೆಳ್ಳಿಯನ್ನು ಎಲ್ಲರ ಕಣ್ಣ ಮುಂದೆ ತೂಗಿದ, ಪತ್ರದ ಒಂದು ಪ್ರತಿ ತೆರೆದೇ ಇತ್ತು. ಯಾರು ಬೇಕಾದ್ರೂ ಓದಬಹುದು. ನಿಮ್ಮ ಕ್ರಯಪತ್ರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದ್ರೆ ನೀವು ತಲೆ ಎತ್ತಿ ಕೂರ್ತೀರಾ? ನಿಮ್ಮ ಕುಟುಂಬ ಆ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡುವಾಗ ಮೊದಲ ಕಾಗದವೇ ಸುಳ್ಳಾಗಿದ್ರೆ ಹೇಗೆ?

ಹಾಗಾದ್ರೆ ಏನು ಮಾಡಬೇಕು?

ಈ ವಾರ ನಿಮ್ಮ ಫೈಲ್ ತೆಗೆದು ಮುಂದೆ ಇಟ್ಕೊಳ್ಳಿ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ಯಾರ ಹಕ್ಕು ಬಾಕಿ ಇದೆ? ಯಾವ ದಾಖಲೆ ಬಾಕಿ ಇದೆ? ಎಲ್ಲಿ ಅನ್ಯಾಯ ಆಗ್ತಿದೆ? ಮೊದಲನೆಯದಕ್ಕೆ ಹೋಗಿ ಮಾತಾಡಿ, ಎರಡನೆಯದಕ್ಕೆ ಓಡಾಡಿ, ಮೂರನೆಯದಕ್ಕೆ ಎದ್ದು ನಿಲ್ಲಿ. ಮೂರಕ್ಕೂ ಪ್ರಾರ್ಥನೆ ಮಾಡಿ. ತಾಳ್ಮೆ ಬೇಕಾದ ಕಡೆ ಜಗಳ ಮಾಡಿ, ಎದ್ದು ನಿಲ್ಲಬೇಕಾದ ಕಡೆ ದುಡ್ಡು ಕೊಟ್ಟು, ಮಾತಾಡಬೇಕಾದ ಕಡೆ ಅಕ್ಕತಂಗಿಯರ ಹೆಸರು ಅಳಿಸಿ ಮನೆ ಮಾಡ್ಕೊಳ್ಳೋದು ಬೇಡ.

ಯೆರೆಮೀಯ ಆ ಹೊಲದಲ್ಲಿ ಉಳುಮೆ ಮಾಡಿದ ಅಂತ ಬೈಬಲ್ ಎಲ್ಲೂ ಹೇಳಲ್ಲ. ಪತ್ರ ಮಾತ್ರ ಗಡಿಗೆಯಲ್ಲಿತ್ತು. ಆ ಪತ್ರದಲ್ಲಿ ಮೋಸ ಇರಲಿಲ್ಲ. ನಮ್ಮ ಮಕ್ಕಳು ನಾಳೆ ನಮ್ಮ ಬೀರು ತೆಗೆದಾಗ ಅಂಥ ಕಾಗದ ಸಿಗಲಿ.

ಮನೆ ಕೂಟದಲ್ಲಿ ಚರ್ಚೆಗೆ

1. ನಿಮ್ಮ ಕುಟುಂಬದ ಆಸ್ತಿಯಲ್ಲಿ ಯಾರ ಹೆಸರನ್ನು ಬಿಟ್ಟು ಮಾತಾಡುವ ರೂಢಿ ಇದೆ? ಯಾಕೆ?
2. ಬೋವಜ ಬೇಗ ಮುಗಿಸಿದ, ಯಾರ ಹಕ್ಕನ್ನೂ ದಾಟಲಿಲ್ಲ. ಇವೆರಡೂ ಒಟ್ಟಿಗೆ ಹೇಗೆ ಸಾಧ್ಯವಾಯ್ತು?
3. ಅನ್ಯಾಯದ ತಡ ಎದುರಿಸ್ತಿರೋ ಒಬ್ಬರ ಜೊತೆ ಈ ತಿಂಗಳು ಕಚೇರಿಗೆ ಹೋಗೋಕೆ ನಮ್ಮ ಕೂಟದಿಂದ ಯಾರು ಸಿದ್ಧ?

ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ಮನೆಗೋಸ್ಕರ ಕಾಯ್ತಿರುವ ನಿನ್ನ ಮಕ್ಕಳನ್ನು ನೋಡು. ಬಾಡಿಗೆ ಕಟ್ಟುತ್ತಾ, ಕಂತು ಕಟ್ಟುತ್ತಾ ದಣಿದಿದ್ದಾರೆ. ಯಾರ ಹತ್ರ ಹೋಗಿ ಮಾತಾಡಬೇಕೋ ಅವರ ಮನೆ ಬಾಗಿಲು ತೆರೆಸು. ಸುಳ್ಳಿನ ದಾರಿ ಹತ್ತಿರ ಅನ್ನಿಸಿದಾಗ ಕಾಲನ್ನು ತಡೆ. ನ್ಯಾಯವಾದ ಕಾಗದದ ಮೇಲೆ ನಿಂತ ಮನೆಯನ್ನು ನಿನ್ನ ಸಮಯದಲ್ಲಿ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.